ಮನೆ ಮೇಲೆ ಸೋಲಾರ್: ಮೊದಲು ಕರೆಂಟ್ ಬಿಲ್ ಹರಡಿಕೊಂಡು ಕೂರಿ

ಗೃಹಜ್ಯೋತಿಯಲ್ಲಿ ಪ್ರತಿ ತಿಂಗಳು ಸೊನ್ನೆ ಬಿಲ್ ಬರುತ್ತಿರುವ ಮನೆಯವರು ಸೋಲಾರ್ ಹಾಕಿಸಬೇಕಾ? ಹಣದ ಲೆಕ್ಕದಲ್ಲಿ ಬೇಡ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಪ್ಯಾನೆಲ್ ಮಾರಲು ಮನೆಗೆ ಬರುವವರು ಈ ಮಾತು ಹೇಳುವುದಿಲ್ಲ. ಉಳಿಸಲು ಬಿಲ್ಲೇ ಇಲ್ಲದ ಮೇಲೆ ಒಂದು ಲಕ್ಷ ಹಾಕಿ ಉಳಿಸುವುದೇನು?

ಮನೆ ಸೋಲಾರ್‌ನಲ್ಲಿ ಗುಜರಾತ್, ಮಹಾರಾಷ್ಟ್ರ, ಕೇರಳಗಳು ಕರ್ನಾಟಕಕ್ಕಿಂತ ಮುಂದಿವೆ. ಪಾವಗಡದಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಕಟ್ಟಿದ ರಾಜ್ಯ ಮನೆಯ ತಾರಸಿಯ ವಿಷಯದಲ್ಲಿ ಹಿಂದೆ ಉಳಿದಿದೆ. ಇದಕ್ಕೆ ಗೃಹಜ್ಯೋತಿಯೂ ಒಂದು ಕಾರಣ. ಅದು ಜನರ ತಪ್ಪಲ್ಲ, ಅವರ ಲೆಕ್ಕ ಸರಿಯಾಗಿಯೇ ಇದೆ.

ಆದರೆ ಗೃಹಜ್ಯೋತಿಯ ಗೆರೆ ದಾಟಿದ ಮನೆಗಳ ಕಥೆಯೇ ಬೇರೆ. 2023ರ ಜುಲೈನಲ್ಲಿ ಶುರುವಾದ ಆ ಯೋಜನೆಯಲ್ಲಿ 2022–23ರ ನಿಮ್ಮ ಸರಾಸರಿ ಬಳಕೆ, ಅದರ ಮೇಲೆ ಶೇ 10 ಉಚಿತ. ಗರಿಷ್ಠ ಮಿತಿ 200 ಯೂನಿಟ್. ಒಂದು ತಿಂಗಳು 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನೀವೇ ಕಟ್ಟಬೇಕು. ಹಳೆಯ ಬಳಕೆಯ ದಾಖಲೆ ಇಲ್ಲದ ಹೊಸ ಮನೆಗಳಿಗೆ ಸಿಗುವುದು 58 ಯೂನಿಟ್ ಅಷ್ಟೇ. ಎರಡು ಎಸಿ, ಗೀಸರ್, ಬೋರ್‌ವೆಲ್ ಪಂಪ್ ಇರುವ ಮನೆ ಈ ಮಿತಿಯೊಳಗೆ ನಿಲ್ಲುವುದು ಕಷ್ಟ. ಅಂಥ ಮನೆಗಳಿಗೆ ಸೋಲಾರ್ ನಿಜಕ್ಕೂ ಲಾಭ. ಆದರೆ ಎಷ್ಟು ಕಿಲೋವಾಟ್ ಹಾಕುತ್ತೀರಿ ಅನ್ನುವುದರ ಮೇಲೆ ಆ ಲಾಭ ನಿಂತಿದೆ.

ಯಾವ ಸೋಲಾರ್?

ನಮ್ಮಲ್ಲಿ ಸೋಲಾರ್ ಅಂದರೆ ಮೂರು ಬೇರೆ ಬೇರೆ ವಸ್ತುಗಳು. ಒಂದು, ನೀರು ಕಾಯಿಸುವ ಸೋಲಾರ್. ಗಾಜಿನ ಕೊಳವೆಗಳು, ಮೇಲೆ ಉದ್ದನೆ ಟ್ಯಾಂಕ್. ಬೆಂಗಳೂರಿನ ತಾರಸಿಗಳಲ್ಲಿ ಎಲ್ಲಿ ನೋಡಿದರೂ ಕಾಣುತ್ತದೆ. ಅದರಿಂದ ಕರೆಂಟ್ ಬರುವುದಿಲ್ಲ. ಎರಡನೆಯದು, ಒಂದು ಸಣ್ಣ ಪ್ಯಾನೆಲ್, ಒಂದು ಬ್ಯಾಟರಿ, ನಾಲ್ಕು ದೀಪ. ಕರೆಂಟ್ ಕಂಬ ಬಾರದ ಊರುಗಳಲ್ಲಿ ಸೆಲ್ಕೋದಂಥ ಸಂಸ್ಥೆಗಳು 1990ರ ದಶಕದಿಂದ ಹಾಕಿಕೊಟ್ಟದ್ದು ಇದೇ. ಮೂರನೆಯದು ಈಗ ಎಲ್ಲರೂ ಮಾತಾಡುತ್ತಿರುವುದು: ತಾರಸಿಯಲ್ಲಿ ಪ್ಯಾನೆಲ್, ಗೋಡೆ ಮೇಲೆ ಪ್ಯಾನೆಲ್‌ನ ಕರೆಂಟನ್ನು ಮನೆಯ ಕರೆಂಟಾಗಿ ಬದಲಿಸುವ ಇನ್ವರ್ಟರ್, ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ ಲೈನಿನ ಜೊತೆ ಜೋಡಣೆ. ಕೇಂದ್ರ ಸರ್ಕಾರದ ಸಬ್ಸಿಡಿ ಇರುವುದು ಇದಕ್ಕೆ. ಈ ಲೇಖನವೂ ಇದರ ಬಗ್ಗೆಯೇ.

ಒಂದು ಮಾತು ಇಲ್ಲೇ ಸೇರಿಸುತ್ತೇನೆ. ನಿಮ್ಮ ಬಳಕೆ 200ರ ಗೆರೆಯ ಆಚೀಚೆ ಓಲಾಡುತ್ತಿದ್ದು, ಮನೆಯಲ್ಲಿ ಕರೆಂಟ್ ಗೀಸರ್ ಇದ್ದರೆ, ಮೊದಲು ನೀರು ಕಾಯಿಸುವ ಸೋಲಾರ್ ಹಾಕಿಸಿ ನೋಡಿ. ನಾಲ್ಕು ಜನರ ಮನೆಯಲ್ಲಿ ಗೀಸರ್ ದಿನಕ್ಕೆ ಮೂರು ಯೂನಿಟ್ ತಿನ್ನುವುದು ದೊಡ್ಡ ವಿಷಯವಲ್ಲ. ಗೃಹಜ್ಯೋತಿಯ ಅರ್ಹತೆ ಇದ್ದರೆ ಅಷ್ಟರಲ್ಲೇ ಕೆಲಸ ಮುಗಿಯಬಹುದು.

ಎಷ್ಟು ಕಿಲೋವಾಟ್ ಬೇಕು?

ಕರ್ನಾಟಕದ ಬಿಸಿಲಿಗೆ 1 ಕಿಲೋವಾಟ್ ಪ್ಯಾನೆಲ್ ವರ್ಷಕ್ಕೆ ಸುಮಾರು 1,400 ಯೂನಿಟ್ ಕೊಡುತ್ತದೆ. ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಅಂದುಕೊಳ್ಳಿ. ಹಿಂದಿನ 12 ತಿಂಗಳ ಬಿಲ್‌ಗಳನ್ನು ಹರಡಿಕೊಂಡು ಒಟ್ಟು ಯೂನಿಟ್ ಕೂಡಿ, ಅದನ್ನು 1,400ರಿಂದ ಭಾಗಿಸಿ. ಬಂದ ಅಂಕಿಯೇ ನಿಮಗೆ ಬೇಕಾದ ಕಿಲೋವಾಟ್. ಬೇಸಿಗೆಯ ಒಂದು ತಿಂಗಳ ಬಿಲ್ ಹಿಡಿದು ಲೆಕ್ಕ ಹಾಕಬೇಡಿ. ಆಗ ಎಸಿ ಓಡುತ್ತಿರುತ್ತದೆ, ಅಂಕಿ ಉಬ್ಬಿರುತ್ತದೆ.

ತಾರಸಿಯಲ್ಲಿ ಜಾಗ ಇದೆ, ಸಬ್ಸಿಡಿ ಇದೆ, ದೊಡ್ಡದೇ ಹಾಕಿಬಿಡೋಣ ಅನ್ನುವವರು ಜಾಸ್ತಿ. ಇಲ್ಲೇ ಲೆಕ್ಕ ತಪ್ಪುವುದು. ಯಾಕೆ ಅಂತ ನೋಡೋಣ.

2025–26ರಲ್ಲಿ ಮನೆ ಬಳಕೆಯ ದರ ಯೂನಿಟ್‌ಗೆ 5 ರೂ. 80 ಪೈಸೆ. ಅದರ ಮೇಲೆ ಶೇ 9 ತೆರಿಗೆ, ವಿದ್ಯುತ್ ನೌಕರರ ಪಿಂಚಣಿ ಬಾಬ್ತಿನ ಸರ್‌ಚಾರ್ಜ್ ಸೇರಿದರೆ ಆರೂವರೆ ರೂಪಾಯಿ ದಾಟುತ್ತದೆ. ನಿಮ್ಮ ಪ್ಯಾನೆಲ್‌ನಿಂದ ಬಂದ ಯೂನಿಟ್ ನಿಮ್ಮ ಮನೆಯ ಬಳಕೆಗೆ ವಜಾ ಆದರೆ ಉಳಿತಾಯ ಆರೂವರೆ ರೂಪಾಯಿ. ಆದರೆ ನಿಮ್ಮ ಬಳಕೆಗಿಂತ ಜಾಸ್ತಿ ತಯಾರಾಗಿ ಲೈನಿಗೆ ಹೋದ ಯೂನಿಟ್‌ಗೆ ವಿದ್ಯುತ್ ಕಂಪನಿ ಕೊಡುವುದು ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ (ಕೆಇಆರ್‌ಸಿ) ನಿಗದಿ ಮಾಡಿದ ದರ. ಸಬ್ಸಿಡಿ ಪಡೆದ ಮನೆಗಳಿಗೆ ಅದು ಮೂರು ರೂಪಾಯಿಗಿಂತ ಕಡಿಮೆ. ಅಂದರೆ ನಿಮ್ಮ ಬಳಕೆಯ ಗೆರೆ ದಾಟಿದ ತಕ್ಷಣ ಒಂದೊಂದು ಯೂನಿಟ್‌ನ ಬೆಲೆ ಅರ್ಧಕ್ಕಿಂತ ಕೆಳಗೆ ಬೀಳುತ್ತದೆ.

ತಿಂಗಳಿಗೆ 260 ಯೂನಿಟ್ ಬಳಸುವ ಮನೆ ಒಂದನ್ನು ತೆಗೆದುಕೊಳ್ಳಿ. ಉಳಿಸಿದ ಯೂನಿಟ್‌ಗೆ ಆರೂವರೆ, ಮಾರಿದ್ದಕ್ಕೆ ಎರಡೂವರೆ ರೂಪಾಯಿ ಅಂತ ಹಿಡಿಯೋಣ. ಪ್ಯಾನೆಲ್ ಬೆಲೆ ಊರಿಂದ ಊರಿಗೆ, ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಇವು ಅಂದಾಜು.

2 ಕಿಲೋವಾಟ್ ಹಾಕಿದರೆ ಸುಮಾರು 1 ಲಕ್ಷ 40 ಸಾವಿರ ಖರ್ಚು. ಸಬ್ಸಿಡಿ 60 ಸಾವಿರ ಕಳೆದರೆ ಕೈಯಿಂದ ಹೋಗುವುದು 80 ಸಾವಿರ. ವರ್ಷಕ್ಕೆ 2,800 ಯೂನಿಟ್ ಬರುತ್ತದೆ, ಬಹುತೇಕ ಎಲ್ಲವೂ ಮನೆಗೇ ಖರ್ಚಾಗುತ್ತದೆ. ಉಳಿತಾಯ 18 ಸಾವಿರದ ಆಸುಪಾಸು. ನಾಲ್ಕೂವರೆ ವರ್ಷದಲ್ಲಿ ಹಾಕಿದ ಹಣ ವಾಪಸ್.

3 ಕಿಲೋವಾಟ್ ಆದರೆ 2 ಲಕ್ಷ, ಸಬ್ಸಿಡಿ 78 ಸಾವಿರ, ಕೈಯಿಂದ 1 ಲಕ್ಷ 22 ಸಾವಿರ. ಸಾವಿರ ಯೂನಿಟ್ ಹೆಚ್ಚಾಗಿ ಉಳಿದು ಕಡಿಮೆ ದರಕ್ಕೆ ಹೋಗುತ್ತದೆ. ವರ್ಷಕ್ಕೆ ಸಿಗುವುದು 23 ಸಾವಿರ. ಐದು ವರ್ಷ ಮೇಲೆ ಸ್ವಲ್ಪ. ಪರವಾಗಿಲ್ಲ.

ಈಗ 5 ಕಿಲೋವಾಟ್ ನೋಡಿ. ಖರ್ಚು 3 ಲಕ್ಷ 20 ಸಾವಿರದ ಹತ್ತಿರ. ಸಬ್ಸಿಡಿ ಮಾತ್ರ ಅದೇ 78 ಸಾವಿರ, ಯಾಕೆಂದರೆ 3 ಕಿಲೋವಾಟ್ ಆದಮೇಲೆ ಅದು ಏರುವುದಿಲ್ಲ. ಕೈಯಿಂದ 2 ಲಕ್ಷ 42 ಸಾವಿರ ಹೋಗಿ ವರ್ಷಕ್ಕೆ ಸಿಗುವುದು 30 ಸಾವಿರ. ಎಂಟು ವರ್ಷ ಬೇಕು. ಎರಡರಿಂದ ಐದಕ್ಕೆ ಏರಿಸಲು ಹಾಕಿದ ಆ ಹೆಚ್ಚುವರಿ ಹಣವನ್ನಷ್ಟೇ ನೋಡಿದರೆ, ಅದು ವಾಪಸ್ ಬರಲು 13–14 ವರ್ಷ.

ಮಾರುವವರು ತೋರಿಸುವ ಲೆಕ್ಕದಲ್ಲಿ ತಯಾರಾದ ಪ್ರತಿ ಯೂನಿಟ್‌ಗೂ ಪೂರ್ತಿ ದರ ಹಾಕಿರುತ್ತಾರೆ. ಅವರ ಹಾಳೆಯಲ್ಲಿ ಮೊದಲು ನೋಡಬೇಕಾದ ಸಾಲು ಅದೇ.

ಹಾಗಂತ ಇವತ್ತಿನ ಬಳಕೆಗೇ ಅಂಟಿಕೊಳ್ಳಬೇಕಿಲ್ಲ. ಮುಂದಿನ ವರ್ಷ ಎಲೆಕ್ಟ್ರಿಕ್ ಕಾರು ತೆಗೆದುಕೊಳ್ಳುವ ಯೋಚನೆ ಇದೆಯಾ? ಯೂನಿಟ್‌ಗೆ ಆರೇಳು ಕಿಲೋಮೀಟರ್ ಓಡುವ ಕಾರು ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿದರೆ 150 ಯೂನಿಟ್ ಬೇಕು. ಅದಕ್ಕೇ ಒಂದು ಕಿಲೋವಾಟ್‌ಗಿಂತ ಜಾಸ್ತಿ ಆಯಿತು. ಗ್ಯಾಸ್ ಬಿಟ್ಟು ಇಂಡಕ್ಷನ್ ಒಲೆಗೆ ಹೋಗುವವರೂ ಇದನ್ನು ಸೇರಿಸಿಕೊಳ್ಳಬೇಕು.

ಬೆಂಗಳೂರಿನಂಥ ಊರಲ್ಲಿ ಇನ್ನೊಂದು ತೊಡಕು. ಮೂರು ಮಹಡಿ, ಮೂರು ಮೀಟರ್, ಕೆಳಗೆ ಇಬ್ಬರು ಬಾಡಿಗೆದಾರರು, ಮೇಲೆ ಓನರ್. ಸಾಮಾನ್ಯವಾಗಿ ಸೋಲಾರ್ ಜೋಡಣೆ ಆಗುವುದು ಒಂದು ಆರ್‌ಆರ್ ನಂಬರ್‌ಗೆ, ಅಂದರೆ ಒಂದು ಮೀಟರಿನ ಸಂಪರ್ಕಕ್ಕೆ. ಆ ಮೀಟರಿನ ಬಳಕೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಇಡೀ ಕಟ್ಟಡದ ಬಳಕೆ ಕೂಡಿಸಿ ಪ್ಯಾನೆಲ್ ಹಾಕಿಸಿದರೆ ಓನರ್ ಬಳಸದ ಯೂನಿಟ್ ಎಲ್ಲ ಕಡಿಮೆ ದರಕ್ಕೆ ಲೈನಿಗೆ ಹೋಗುತ್ತದೆ.

ನಮ್ಮ ಚಿಕ್ಕಪ್ಪನಿಗೆ ಯೂನಿಟ್‌ಗೆ ಒಂಬತ್ತೂವರೆ ರೂಪಾಯಿ ಬರುತ್ತಂತಲ್ಲ?

ಬರುತ್ತಿರಬಹುದು. 2013ರಲ್ಲಿ ಕೆಇಆರ್‌ಸಿ ಮನೆ ತಾರಸಿಯ ಸೋಲಾರ್‌ಗೆ ಯೂನಿಟ್‌ಗೆ 9 ರೂ. 56 ಪೈಸೆ ನಿಗದಿ ಮಾಡಿತ್ತು. ಸಬ್ಸಿಡಿ ಪಡೆದವರಿಗೆ 7 ರೂ. 20 ಪೈಸೆ. ಆಗ ಪ್ಯಾನೆಲ್ ದುಬಾರಿ, ಹಾಕಿಸುವವರೇ ಇರಲಿಲ್ಲ. ಹಾಗಾಗಿ ಆಸೆ ಹುಟ್ಟಿಸುವ ದರ ಕೊಟ್ಟರು. ಆಗ 25 ವರ್ಷದ ಒಪ್ಪಂದ ಮಾಡಿಕೊಂಡವರಿಗೆ ಆ ದರವೇ ಮುಂದುವರಿಯುತ್ತದೆ. ಆಮೇಲೆ ಪ್ಯಾನೆಲ್ ಬೆಲೆ ಇಳಿಯಿತು, ದರವನ್ನೂ ಇಳಿಸುತ್ತಾ ಬಂದರು. ಈಗ ಹೊಸದಾಗಿ ಹಾಕಿಸುವವರು ಚಿಕ್ಕಪ್ಪನ ಲೆಕ್ಕ ನಂಬಿಕೊಂಡು ಸಾಲ ಮಾಡಬಾರದು.

ಅಂದಹಾಗೆ, ಒಪ್ಪಂದದಲ್ಲಿ ‘ನೆಟ್ ಮೀಟರಿಂಗ್’ ಇದೆಯಾ ‘ಗ್ರಾಸ್ ಮೀಟರಿಂಗ್’ ಇದೆಯಾ ನೋಡಿ. ನೆಟ್‌ನಲ್ಲಿ ಮೊದಲು ನಿಮ್ಮ ಬಳಕೆಗೆ ವಜಾ, ಉಳಿದದ್ದು ಮಾರಾಟ. ಗ್ರಾಸ್‌ನಲ್ಲಿ ತಯಾರಾದದ್ದೆಲ್ಲಾ ಮಾರಾಟ, ನಿಮ್ಮ ಬಳಕೆಗೆ ಪೂರ್ತಿ ಬಿಲ್. ಈಗಿನ ದರದಲ್ಲಿ ಸ್ವಂತ ಬಳಕೆ ಇರುವ ಮನೆಗೆ ಬೇಕಾದದ್ದು ನೆಟ್.

ಬಿಲ್ ಸೊನ್ನೆ ಆಗುತ್ತಾ?

ಆಗುವುದಿಲ್ಲ. ನಿಗದಿತ ಶುಲ್ಕ ಹಾಗೇ ಇರುತ್ತದೆ. 2025–26ರಲ್ಲಿ ಅದು ಮಂಜೂರಾದ ಲೋಡಿನ (ನಿಮ್ಮ ಸಂಪರ್ಕಕ್ಕೆ ಕಂಪನಿ ಒಪ್ಪಿದ ಗರಿಷ್ಠ ಹೊರೆ) ಪ್ರತಿ ಕಿಲೋವಾಟ್‌ಗೆ ತಿಂಗಳಿಗೆ 145 ರೂಪಾಯಿ. 3 ಕಿಲೋವಾಟ್ ಲೋಡ್ ಇದ್ದರೆ 435 ರೂಪಾಯಿ, ನೀವು ಒಂದು ಯೂನಿಟ್ ಬಳಸದಿದ್ದರೂ. ಲೈನಿಗೆ ಮಾರಿದ ಯೂನಿಟ್‌ನ ಹಣ ಇದನ್ನು ಸ್ವಲ್ಪ ತುಂಬಿಕೊಡಬಹುದು, ಅಷ್ಟೇ. ಸೋಲಾರ್‌ಗಾಗಿ ಮಂಜೂರಾದ ಲೋಡ್ ಏರಿಸಿದರೆ ಈ ಶುಲ್ಕವೂ ಏರುತ್ತದೆ ಅನ್ನುವುದನ್ನು ಯಾರೂ ಹೇಳುವುದಿಲ್ಲ.

ಕರೆಂಟ್ ಹೋದಾಗ ಸೋಲಾರ್ ನಡೆಯುತ್ತಾ?

ಎಲ್ಲರಿಗೂ ನಿರಾಸೆ ಆಗುವ ಉತ್ತರ ಇದು. ಮಟ ಮಟ ಮಧ್ಯಾಹ್ನ, ಉರಿಬಿಸಿಲು, ಮೇಲೆ ಆರು ಪ್ಯಾನೆಲ್. ಆದರೂ ಕರೆಂಟ್ ಹೋದರೆ ಫ್ಯಾನ್ ನಿಲ್ಲುತ್ತದೆ.

ಸಾಮಾನ್ಯ ಸೋಲಾರ್ ಇನ್ವರ್ಟರ್ ಲೈನಿನ ವೋಲ್ಟೇಜ್ ಮತ್ತು ಫ್ರೀಕ್ವೆನ್ಸಿ ನೋಡಿಕೊಂಡು ಅದರ ಜೊತೆ ಹೆಜ್ಜೆ ಹಾಕುತ್ತದೆ. ಲೈನ್ ಸತ್ತ ಕೂಡಲೇ ಅದೂ ತಾನಾಗಿ ಆಫ್ ಆಗಬೇಕು. ಕಾನೂನೂ ಹಾಗೇ ಹೇಳುತ್ತದೆ. ಕಾರಣ ಸರಳ: ಲೈನ್‌ಮ್ಯಾನ್ ಕಂಬ ಹತ್ತಿರುತ್ತಾನೆ. ಲೈನ್ ಆಫ್ ಮಾಡಿದ್ದೇವೆ ಅಂತ ನಂಬಿ ತಂತಿಗೆ ಕೈ ಹಾಕುತ್ತಾನೆ. ನಿಮ್ಮ ತಾರಸಿಯಿಂದ ಕರೆಂಟ್ ಆ ತಂತಿಗೆ ಹರಿದರೆ ಅವನ ಜೀವ ಹೋಗುತ್ತದೆ.

ಇದು ಬೇಡ, ಕರೆಂಟ್ ಹೋದಾಗಲೂ ನಡೆಯಬೇಕು ಅಂದರೆ ಹೈಬ್ರಿಡ್ ಇನ್ವರ್ಟರ್, ಜೊತೆಗೆ ಬ್ಯಾಟರಿ ಬೇಕು. ಕರೆಂಟ್ ಹೋದಾಗ ಅದು ಮನೆಯನ್ನು ಲೈನಿನಿಂದ ಬೇರೆ ಮಾಡಿ ಒಳಗಡೆಗೆ ಮಾತ್ರ ಕೊಡುತ್ತದೆ. ಐದು ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿ ಸೇರಿಸಿದರೆ ಖರ್ಚು ಸುಲಭವಾಗಿ ಲಕ್ಷದಷ್ಟು ಏರುತ್ತದೆ. ಸಬ್ಸಿಡಿ ಪ್ಯಾನೆಲ್‌ನ ಕಿಲೋವಾಟ್ ಲೆಕ್ಕದಲ್ಲಿ ಬರುತ್ತದೆಯೇ ಹೊರತು ಬ್ಯಾಟರಿಗೆ ಇಲ್ಲ. ದಿನಕ್ಕೆ ಅರ್ಧ ಗಂಟೆ ಕರೆಂಟ್ ಹೋಗುವ ಊರಲ್ಲಿ ಇದು ದುಂದು ಅಂತ ನನ್ನ ಅಭಿಪ್ರಾಯ. ಮನೆಯಲ್ಲಿ ಈಗಿರುವ ಯುಪಿಎಸ್ ಹಾಗೇ ಇರಲಿ, ದೀಪ, ಫ್ಯಾನ್‌ಗೆ ಅದು ಸಾಕು.

ಹಳ್ಳಿಯ ಮನೆಗಳವರು ಇದನ್ನು ಇನ್ನೊಂದು ಕಡೆಯಿಂದಲೂ ಯೋಚಿಸಬೇಕು. ಹಗಲು ಹೊತ್ತು ನಾಲ್ಕು ಗಂಟೆ ಕರೆಂಟ್ ಇಲ್ಲದಿದ್ದರೆ ಆ ನಾಲ್ಕು ಗಂಟೆ ನಿಮ್ಮ ಪ್ಯಾನೆಲ್ ಸುಮ್ನೆ ಬಿಸಿಲು ಕಾಯುತ್ತಿರುತ್ತದೆ. ಉತ್ಪಾದನೆ ಸೊನ್ನೆ. ಲೈನಿನ ವೋಲ್ಟೇಜ್ ವಿಪರೀತ ಏರಿದರೂ ಇನ್ವರ್ಟರ್ ಆಫ್ ಆಗುತ್ತದೆ. ಟ್ರಾನ್ಸ್‌ಫಾರ್ಮರ್ ಹತ್ತಿರ ಇರುವ ಮನೆಗಳಲ್ಲಿ, ಮಧ್ಯಾಹ್ನ ಲೋಡ್ ಕಡಿಮೆ ಇರುವಾಗ ಹೀಗಾಗುವುದುಂಟು. ಹಾಕಿಸುವ ಮೊದಲು ಒಂದು ವಾರ ಹಗಲಿನ ಕರೆಂಟ್ ಎಷ್ಟು ಹೊತ್ತು ಇರುತ್ತದೆ, ವೋಲ್ಟೇಜ್ ಎಷ್ಟಿರುತ್ತದೆ ಬರೆದಿಟ್ಟುಕೊಂಡರೆ ಮೇಲಿನ 1,400 ಯೂನಿಟ್ ಅಂಕಿಯನ್ನು ನಿಮ್ಮೂರಿಗೆ ತಕ್ಕಂತೆ ಇಳಿಸಿಕೊಳ್ಳಬಹುದು.

ಬಿಸಿಲು ಜಾಸ್ತಿ ಇದ್ದರೆ ಕರೆಂಟ್ ಜಾಸ್ತಿ, ಅಲ್ವಾ?

ಬೆಳಕು ಜಾಸ್ತಿ ಇದ್ದರೆ ಹೌದು. ಸೆಕೆ ಜಾಸ್ತಿ ಇದ್ದರೆ ಇಲ್ಲ. ಪ್ಯಾನೆಲ್ ಮೇಲೆ ಬರೆದಿರುವ ವಾಟ್ ಅದರ ಸೆಲ್ 25 ಡಿಗ್ರಿಯಲ್ಲಿರುವಾಗಿನ ಅಳತೆ. ಅಲ್ಲಿಂದ ಒಂದೊಂದು ಡಿಗ್ರಿ ಏರಿದಂತೆ ಶೇ 0.3ರಿಂದ 0.35ರಷ್ಟು ಶಕ್ತಿ ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ ಕಲಬುರಗಿಯಲ್ಲಿ ಗಾಳಿಯೇ 40 ಡಿಗ್ರಿ ಇರುವಾಗ ಪ್ಯಾನೆಲ್ 65 ಡಿಗ್ರಿ ಮುಟ್ಟುತ್ತದೆ. ಅಲ್ಲಿಗೆ ಶೇ 12–14 ಹೋಯಿತು. ಬೆಂಗಳೂರು, ಮೈಸೂರಿನ ತಣ್ಣನೆಯ ಹವೆ ಈ ವಿಷಯದಲ್ಲಿ ವರ. ಪ್ಯಾನೆಲ್‌ನ ಕೆಳಗೆ ಗಾಳಿ ಆಡಲು ಜಾಗ ಬಿಡಬೇಕು ಅನ್ನುವುದೂ ಇದೇ ಕಾರಣಕ್ಕೆ. ತಗಡಿನ ಶೀಟಿಗೆ ಅಂಟಿಸಿದಂತೆ ಹಾಕಿದರೆ ಇನ್ನಷ್ಟು ಕಾಯುತ್ತದೆ.

ಮಳೆಗಾಲದಲ್ಲಿ ಉತ್ಪಾದನೆ ನಿಲ್ಲುವುದಿಲ್ಲ, ಇಳಿಯುತ್ತದೆ. ಮೋಡದ ಬೆಳಕಲ್ಲೂ ಸ್ವಲ್ಪ ಬರುತ್ತದೆ. ಬಯಲುಸೀಮೆಯಲ್ಲಿ ಈ ಇಳಿತ ಅಷ್ಟು ಕಾಡುವುದಿಲ್ಲ. ಮಲೆನಾಡು, ಕರಾವಳಿ, ಕೊಡಗಿನಲ್ಲಿ ಜುಲೈ ತಿಂಗಳ ಲೆಕ್ಕ ಮಾರ್ಚ್‌ನ ಅರ್ಧಕ್ಕೆ ಇಳಿದರೂ ಗಾಬರಿ ಬೇಡ.

ತಾರಸಿಯ ನೆರಳು

ಕಿಲೋವಾಟ್‌ನ ಲೆಕ್ಕ ಬಿಟ್ಟರೆ ಅತಿ ಹೆಚ್ಚು ಜನ ಎಡವುವುದು ಇಲ್ಲಿ. 1 ಕಿಲೋವಾಟ್‌ಗೆ ಸುಮಾರು 100 ಚದರ ಅಡಿ ಜಾಗ ಬೇಕು ಅನ್ನುತ್ತಾರೆ. ಸರಿ. ಆದರೆ ಅದು ನೆರಳಿಲ್ಲದ 100 ಚದರ ಅಡಿ.

ಪ್ಯಾನೆಲ್‌ಗಳನ್ನು ಒಂದರ ಹಿಂದೆ ಒಂದರಂತೆ ಸರಣಿಯಲ್ಲಿ ಜೋಡಿಸುತ್ತಾರೆ. ನೀರಿನ ಪೈಪನ್ನು ಒಂದು ಕಡೆ ಹಿಸುಕಿದರೆ ಇಡೀ ಪೈಪಿನ ಹರಿವು ಇಳಿಯುವ ಹಾಗೆ, ಒಂದು ಪ್ಯಾನೆಲ್ ಮೇಲೆ ಬಿದ್ದ ನೆರಳು ಸಾಲಿನ ಉಳಿದವನ್ನೂ ಎಳೆಯುತ್ತದೆ. ಇದನ್ನು ತಪ್ಪಿಸಲು ಪ್ಯಾನೆಲ್ ಒಳಗೆ ಬೈಪಾಸ್ ಡಯೋಡ್‌ಗಳಿರುತ್ತವೆ. ನೆರಳು ಬಿದ್ದ ಭಾಗವನ್ನು ಬಿಟ್ಟು ಕರೆಂಟ್ ಪಕ್ಕದಿಂದ ಹಾದುಹೋಗುತ್ತದೆ. ಆದರೂ ಪ್ಯಾನೆಲ್‌ನ ಮೂರನೇ ಒಂದು ಭಾಗವೋ, ಪೂರ್ತಿಯೋ ಲೆಕ್ಕಕ್ಕಿಲ್ಲದಂತಾಗುತ್ತದೆ. ಸಿಂಟೆಕ್ಸ್ ಟ್ಯಾಂಕ್, ಮೆಟ್ಟಿಲ ಮೇಲಿನ ಕೋಣೆ, ಪಕ್ಕದ ಸೈಟಿನ ಕಟ್ಟಡ, ತೆಂಗಿನ ಮರ — ನಮ್ಮ ತಾರಸಿಗಳ ನಾಲ್ಕು ಶತ್ರುಗಳು ಇವೇ. ನೆರಳು ತಪ್ಪಿಸಲಾಗದ ಜಾಗದಲ್ಲಿ ಪ್ರತಿ ಪ್ಯಾನೆಲ್‌ಗೂ ಬೇರೆ ಮೈಕ್ರೋ ಇನ್ವರ್ಟರ್ ಹಾಕುವ ದಾರಿ ಇದೆ, ಬೆಲೆ ಜಾಸ್ತಿ.

ನೆರಳನ್ನು ಯಾವಾಗ ನೋಡಬೇಕು ಅನ್ನುವುದೂ ಮುಖ್ಯ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡು ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ. ಆಗ ಜಾಗ ನೋಡಲು ಬಂದವರಿಗೆ ದಕ್ಷಿಣದ ಪಕ್ಕದ ಮನೆಯ ನೆರಳು ಕಾಣುವುದೇ ಇಲ್ಲ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ನಡು ಮಧ್ಯಾಹ್ನವೂ 53–54 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ನಿಮ್ಮ ತಾರಸಿಗಿಂತ 10 ಅಡಿ ಎತ್ತರದ ಗೋಡೆ ಆಗ ಏಳೂವರೆ ಅಡಿ ನೆರಳು ಚೆಲ್ಲುತ್ತದೆ, ಅದೂ ಮಧ್ಯಾಹ್ನ. ಬೆಳಿಗ್ಗೆ ಒಂಬತ್ತಕ್ಕೆ, ಸಂಜೆ ನಾಲ್ಕಕ್ಕೆ ಇನ್ನೂ ಉದ್ದ. ಡಿಸೆಂಬರ್ ತನಕ ಕಾಯಲಾಗದಿದ್ದರೆ ಮೊಬೈಲ್‌ನ ಸೂರ್ಯಪಥ ತೋರಿಸುವ ಆ್ಯಪ್‌ನಲ್ಲಿ ಡಿಸೆಂಬರ್ 21 ಅಂತ ಹಾಕಿ ತಾರಸಿಯಲ್ಲಿ ನಿಂತು ನೋಡಿ.

ದಿಕ್ಕು ದಕ್ಷಿಣ, ಇಳಿಜಾರು ನಿಮ್ಮೂರಿನ ಅಕ್ಷಾಂಶದಷ್ಟು: ಬೆಂಗಳೂರಿಗೆ 13 ಡಿಗ್ರಿ, ಹುಬ್ಬಳ್ಳಿಗೆ 15, ಕಲಬುರಗಿಗೆ 17. ಎರಡು ಮೂರು ಡಿಗ್ರಿ ಆಚೀಚೆ ಆದರೆ ಏನೂ ಆಗುವುದಿಲ್ಲ. ಪೂರ್ವಕ್ಕೋ ಪಶ್ಚಿಮಕ್ಕೋ ತಿರುಗಿದ್ದರೂ ನಷ್ಟ ಸ್ವಲ್ಪವೇ. ದಿಕ್ಕಿಗಾಗಿ ತಲೆ ಕೆಡಿಸಿಕೊಳ್ಳುವುದಕ್ಕಿಂತ ನೆರಳಿಗಾಗಿ ಕೆಡಿಸಿಕೊಳ್ಳಿ.

ಆರ್‌ಸಿಸಿಗೆ ತೂತು ಕೊರೆದರೆ ಸೋರುವುದಿಲ್ಲವೇ?

ಕೆಲಸ ಕೆಟ್ಟದಾದರೆ ಸೋರುತ್ತದೆ. ಕೊರೆದು ರಾಸಾಯನಿಕ ಅಂಟು ತುಂಬಿ ಬೋಲ್ಟ್ ಕೂರಿಸುವುದು ಒಂದು ವಿಧ. ಕೊರೆಯದೆ ಕಾಂಕ್ರೀಟ್ ದಿಮ್ಮಿಗಳ ತೂಕದ ಮೇಲೆ ನಿಲ್ಲಿಸುವುದು ಇನ್ನೊಂದು. ಎರಡೂ ನಡೆಯುತ್ತವೆ. ಪ್ಯಾನೆಲ್ ಭಾರ ನೋಡಿ ಹೆದರಬೇಡಿ. 540 ವಾಟ್‌ನ ಒಂದು ಪ್ಯಾನೆಲ್ 28 ಕೆಜಿ ಆಸುಪಾಸು, ಆರ್‌ಸಿಸಿ ತಾರಸಿಗೆ ಅದು ಏನೂ ಅಲ್ಲ. ಹೆದರಬೇಕಾದದ್ದು ಗಾಳಿಗೆ. ಮುಂಗಾರಿಗೆ ಮುಂಚಿನ ಬಿರುಗಾಳಿ ಕೆಳಗಿನಿಂದ ನುಗ್ಗಿ ಇಡೀ ಸಾಲನ್ನು ಎತ್ತಲು ನೋಡುತ್ತದೆ. ಸ್ಟ್ಯಾಂಡು ಎತ್ತರವಾದಷ್ಟೂ ಕಾಲುಗಳು ಗಟ್ಟಿ ಇರಬೇಕು.

ಹಪ್ಪಳ, ಸಂಡಿಗೆ, ಬಟ್ಟೆ ಒಣಗಿಸಲು ತಾರಸಿ ಬೇಕೇ ಬೇಕು ಅನ್ನುವ ಮನೆಗಳಲ್ಲಿ ಏಳೆಂಟು ಅಡಿ ಎತ್ತರದ ಸ್ಟ್ಯಾಂಡು ಹಾಕಿಸುತ್ತಾರೆ. ಚೆನ್ನಾಗಿರುತ್ತದೆ, ಮಹಡಿಗೆ ನೆರಳೂ ಆಗುತ್ತದೆ. ಖರ್ಚು ಜಾಸ್ತಿ. ಅದನ್ನು ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ, ಕಬ್ಬಿಣ ಬಂದು ಇಳಿದ ಮೇಲೆ ಚೌಕಾಶಿ ನಡೆಯುವುದಿಲ್ಲ. ತಾರಸಿಗೆ ವಾಟರ್‌ಪ್ರೂಫಿಂಗ್ ಬಾಕಿ ಇದ್ದರೆ ಪ್ಯಾನೆಲ್‌ಗಿಂತ ಮೊದಲು ಮಾಡಿಸಿ. ಮಂಗಳೂರು ಹೆಂಚಿನ ಮನೆಗಳಲ್ಲಿ ಹೆಂಚಿನಡಿಯ ಪಕಾಸಿಗೆ ಕೊಕ್ಕೆ ಹಾಕಿ ಕೂರಿಸಬಹುದು. ಆದರೆ ಮರ ಹಳೆಯದಾಗಿದ್ದರೆ ಅಂಗಳದಲ್ಲೋ ಕೊಟ್ಟಿಗೆ ಪಕ್ಕದಲ್ಲೋ ಸ್ಟ್ಯಾಂಡು ನಿಲ್ಲಿಸುವುದೇ ವಾಸಿ.

ಸಬ್ಸಿಡಿ ಸಿಗುವುದು ಹೇಗೆ, ಸಿಕ್ಕಿಕೊಳ್ಳುವುದು ಎಲ್ಲಿ?

ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆ ಶುರುವಾದದ್ದು 2024ರ ಫೆಬ್ರವರಿಯಲ್ಲಿ. ಒಂದು ಕೋಟಿ ಮನೆ ಅದರ ಗುರಿ. ಮೊದಲ ಎರಡು ಕಿಲೋವಾಟ್‌ಗೆ ತಲಾ 30 ಸಾವಿರ, ಮೂರನೆಯದಕ್ಕೆ 18 ಸಾವಿರ, ಒಟ್ಟು ಗರಿಷ್ಠ 78 ಸಾವಿರ ರೂಪಾಯಿ. ಅಪಾರ್ಟ್‌ಮೆಂಟ್ ಸಂಘಗಳಿಗೆ ಲಿಫ್ಟ್, ಪಂಪ್, ಕಾಮನ್ ದೀಪಗಳ ಬಾಬ್ತಿಗೆ ಕಿಲೋವಾಟ್‌ಗೆ 18 ಸಾವಿರದಂತೆ 500 ಕಿಲೋವಾಟ್ ತನಕ ಇದೆ.

ಯೋಜನೆಯ ಪೋರ್ಟಲ್‌ನಲ್ಲಿ ನೋಂದಣಿ ಮಾಡಿ, ಅಲ್ಲಿ ಪಟ್ಟಿಯಲ್ಲಿರುವ ವೆಂಡರ್‌ಗಳಲ್ಲೇ ಒಬ್ಬರನ್ನು ಆರಿಸಬೇಕು. 10 ಕಿಲೋವಾಟ್ ಒಳಗಿನ ಅರ್ಜಿಗಳಿಗೆ ಈಗ ಬೇರೆ ತಾಂತ್ರಿಕ ಪರಿಶೀಲನೆ ಬೇಕಿಲ್ಲ. ಪ್ಯಾನೆಲ್ ಕೂರಿಸಿ, ಎರಡೂ ದಿಕ್ಕಿನ ಕರೆಂಟ್ ಅಳೆಯುವ ಮೀಟರ್ ಹಾಕಿ, ತಪಾಸಣೆ ಮುಗಿದ ಮೇಲೆ ಸಬ್ಸಿಡಿ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ. ಅಂದರೆ ಮೊದಲು ಪೂರ್ತಿ ಹಣ ನೀವು ಹೊಂದಿಸಬೇಕು. ಬ್ಯಾಂಕುಗಳು ಅಡಮಾನ ಇಲ್ಲದೆ ಸಾಲ ಕೊಡುತ್ತವೆ, ಬಡ್ಡಿ ಮಾಮೂಲಿ ವೈಯಕ್ತಿಕ ಸಾಲಕ್ಕಿಂತ ತುಂಬಾ ಕಡಿಮೆ. ‘ಸರ್ಕಾರದಿಂದ ಉಚಿತ ಸೋಲಾರ್, ನೋಂದಣಿಗೆ ಇಷ್ಟು ಹಾಕಿ’ ಅಂತ ಫೋನ್ ಬಂದರೆ ಇಟ್ಟುಬಿಡಿ.

ಜನ ಸಿಕ್ಕಿಕೊಳ್ಳುವುದು ಹೆಸರಿನಲ್ಲಿ. ಎಷ್ಟೋ ಮನೆಗಳಲ್ಲಿ ಆರ್‌ಆರ್ ನಂಬರ್ ಇನ್ನೂ ತೀರಿಕೊಂಡ ಅಜ್ಜನ ಹೆಸರಲ್ಲಿರುತ್ತದೆ. ಆಧಾರ್ ಮಗನದು, ಬ್ಯಾಂಕ್ ಖಾತೆ ಸೊಸೆಯದು. ಮೂರೂ ಹೊಂದದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ವಿದ್ಯುತ್ ಕಂಪನಿಯ ಸಬ್‌ಡಿವಿಷನ್ ಕಚೇರಿಗೆ ಹೋಗಿ ಮೊದಲು ಹೆಸರು ಬದಲಾವಣೆ ಮುಗಿಸಿ, ಆಮೇಲೆ ಪ್ಯಾನೆಲ್ ಮಾತು. ಈಗ ಗೃಹಜ್ಯೋತಿ ಪಡೆಯುತ್ತಿರುವವರು, ಸೋಲಾರ್ ಮೀಟರ್ ಬಂದ ಮೇಲೆ ಬಿಲ್ ಹೇಗೆ ಮಾಡುತ್ತಾರೆ ಅನ್ನುವುದನ್ನೂ ಅದೇ ಕಚೇರಿಯಲ್ಲಿ ಕೇಳಿಕೊಂಡು ಬನ್ನಿ.

ಇನ್ನೊಂದು ಸೂಕ್ಷ್ಮ. ಸಬ್ಸಿಡಿ ಬೇಕಾದರೆ ಪ್ಯಾನೆಲ್ ಡಿಸಿಆರ್ ಆಗಿರಬೇಕು. ಅಂದರೆ ಸೆಲ್ಲೂ ಪ್ಯಾನೆಲ್ಲೂ ಭಾರತದಲ್ಲೇ ತಯಾರಾಗಿರಬೇಕು. ಇವು ಹೊರಗಿನ ಸೆಲ್ ಹಾಕಿದ ಪ್ಯಾನೆಲ್‌ಗಿಂತ ದುಬಾರಿ. 3 ಕಿಲೋವಾಟ್ ಒಳಗೆ ಸಬ್ಸಿಡಿಯದೇ ಮೇಲುಗೈ. ಎಂಟು ಹತ್ತು ಕಿಲೋವಾಟ್ ಹಾಕುವ ದೊಡ್ಡ ಮನೆಗಳಲ್ಲಿ ಮಾತ್ರ ಎರಡೂ ಕೊಟೇಶನ್ ತರಿಸಿ ನೋಡಬೇಕು. ಸಬ್ಸಿಡಿ 78 ಸಾವಿರಕ್ಕೇ ನಿಂತಿರುತ್ತದೆ, ಡಿಸಿಆರ್‌ನ ಹೆಚ್ಚುವರಿ ಬೆಲೆ ಮಾತ್ರ ಪ್ರತಿ ಪ್ಯಾನೆಲ್‌ಗೂ ಬೀಳುತ್ತದೆ. ಸಬ್ಸಿಡಿ ಪಡೆಯದವರಿಗೆ ಲೈನಿಗೆ ಮಾರುವ ದರವೂ ಸ್ವಲ್ಪ ಜಾಸ್ತಿ. ಅಂದಹಾಗೆ, 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಾನಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಅದಕ್ಕೂ ಮುಂಚಿನ ಕೊಟೇಶನ್ ಕೈಯಲ್ಲಿದ್ದರೆ ಹೊಸದು ಕೇಳಿ.

ಕೊಟೇಶನ್‌ನಲ್ಲಿ ಏನು ನೋಡಬೇಕು?

ಪ್ಯಾನೆಲ್ ಕಂಪನಿ ಯಾವುದು ಅಂತ ಎಲ್ಲರೂ ಕೇಳುತ್ತಾರೆ. ಅಗ್ಗದ ಕೊಟೇಶನ್‌ನಲ್ಲಿ ಕಳ್ಳತನ ಆಗುವುದು ಪ್ಯಾನೆಲ್‌ನಲ್ಲಿ ಅಲ್ಲ, ಅದರ ಸುತ್ತಲಿನ ಸಾಮಾನಿನಲ್ಲಿ. ಸ್ಟ್ಯಾಂಡು ಬಿಸಿ ಸತುವಿನಲ್ಲಿ ಅದ್ದಿ ತೆಗೆದ ಕಬ್ಬಿಣವೇ, ಸುಮ್ನೆ ಬಣ್ಣ ಬಳಿದದ್ದೇ? ಕರಾವಳಿಯ ಉಪ್ಪುಗಾಳಿಗೆ ಬಣ್ಣದ ಕಬ್ಬಿಣ ನಾಲ್ಕೈದು ಮಳೆಗಾಲ ತಡೆದರೆ ಹೆಚ್ಚು. ಅರ್ಥಿಂಗ್ ಮೂರು ಬೇರೆ ಬೇರೆ ಇರಬೇಕು: ಪ್ಯಾನೆಲ್ ಕಡೆಗೊಂದು, ಇನ್ವರ್ಟರ್ ಕಡೆಗೊಂದು, ಸಿಡಿಲು ತಡೆಗೊಂದು. ಇದರಲ್ಲಿ ಒಂದನ್ನು ಹಾರಿಸಿ ಹಣ ಉಳಿಸುವವರಿದ್ದಾರೆ. ಪ್ಯಾನೆಲ್‌ನಿಂದ ಇನ್ವರ್ಟರ್‌ಗೆ ಬರುವ ಡಿಸಿ ಕೇಬಲ್ ತಾಮ್ರದ್ದೇ ಆಗಿರಲಿ. ಆರು ಪ್ಯಾನೆಲ್‌ನ ಸಾಲಿನಲ್ಲಿ 250–300 ವೋಲ್ಟ್‌ನ ಡಿಸಿ ಹರಿಯುತ್ತಿರುತ್ತದೆ. ಬಿಸಿಲಿರುವವರೆಗೆ ಪ್ಯಾನೆಲ್‌ಗೆ ಸ್ವಿಚ್ ಆಫ್ ಅನ್ನುವುದಿಲ್ಲ. ಸಡಿಲ ಕನೆಕ್ಟರ್‌ನಲ್ಲಿ ಕಿಡಿ ಹಾರಿದರೆ ಅದು ತಾನಾಗಿ ಆರುವುದು ಕಷ್ಟ. ಹಾಗಾಗಿ ತಾರಸಿಯ ವೈರುಗಳಿಗೆ ಮನೆಯ ಮಾಮೂಲಿ ಎಲೆಕ್ಟ್ರಿಷಿಯನ್ ಕೈ ಹಾಕುವುದು ಬೇಡ.

ಇನ್ವರ್ಟರ್ ಎಲ್ಲಿ ಕೂರುತ್ತದೆ ಅನ್ನುವುದನ್ನೂ ಮೊದಲೇ ತೀರ್ಮಾನಿಸಿ. ಪಡುವಣ ಬಿಸಿಲು ಹೊಡೆಯುವ ಗೋಡೆ ಬೇಡ. ಪ್ಯಾನೆಲ್‌ಗೆ 25 ವರ್ಷದ ಸಾಮರ್ಥ್ಯದ ಗ್ಯಾರಂಟಿ ಇರುತ್ತದೆ. ಅದು ಹೇಳುವುದು 25 ವರ್ಷದ ಕೊನೆಗೂ ಶೇ 80ರಷ್ಟು ಶಕ್ತಿ ಉಳಿದಿರುತ್ತದೆ ಅಂತ. ಒಡೆದರೆ, ಕೆಟ್ಟರೆ ಬದಲಾಯಿಸಿಕೊಡುವ ವಾರಂಟಿ ಬೇರೆ, ಸಾಮಾನ್ಯವಾಗಿ 12 ವರ್ಷದ್ದು. ಇನ್ವರ್ಟರ್‌ಗೆ ಐದರಿಂದ ಹತ್ತು ವರ್ಷ. 25 ವರ್ಷದಲ್ಲಿ ಒಂದು ಸಲವಾದರೂ ಇನ್ವರ್ಟರ್ ಬದಲಾಯಿಸುವ ಖರ್ಚು ಲೆಕ್ಕದಲ್ಲಿರಲಿ.

ಆಮೇಲಿನ ಕೆಲಸ

ಕಡಿಮೆ, ಆದರೆ ಇದೆ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಧೂಳು ತೊಳೆಯಬೇಕು, ರಸ್ತೆ ಪಕ್ಕದ ಮನೆಯಾದರೆ ಇನ್ನೂ ಬೇಗ. ಬೆಳಿಗ್ಗೆ ಬೇಗ ಇಲ್ಲವೇ ಸಂಜೆ ಮೇಲೆ, ಪ್ಯಾನೆಲ್ ತಣ್ಣಗಿರುವಾಗ. ಕಾದ ಗಾಜಿಗೆ ತಣ್ಣೀರು ಎರಚಬಾರದು. ಗಡಸು ಬೋರ್‌ವೆಲ್ ನೀರು ಬಿಳಿ ಕಲೆ ಬಿಡುತ್ತದೆ, ತೊಳೆದ ಮೇಲೆ ರಬ್ಬರ್ ವೈಪರ್‌ನಲ್ಲಿ ಎಳೆದುಬಿಡಿ. ಪಾರಿವಾಳ, ಕಾಗೆಗಳ ಹಿಕ್ಕೆಯನ್ನು ಒಣಗಲು ಬಿಟ್ಟರೆ ಅದೂ ನೆರಳಿನ ಕೆಲಸವನ್ನೇ ಮಾಡುತ್ತದೆ. ಇನ್ವರ್ಟರ್‌ನ ಆ್ಯಪ್‌ನಲ್ಲಿ ವಾರಕ್ಕೊಮ್ಮೆ ಉತ್ಪಾದನೆ ನೋಡಿ. ಒಳ್ಳೆ ಬಿಸಿಲಿದ್ದೂ ಕಿಲೋವಾಟ್‌ಗೆ ದಿನಕ್ಕೆ ಮೂರು ಯೂನಿಟ್‌ಗಿಂತ ಕೆಳಗೆ ಇಳಿಯುತ್ತಿದ್ದರೆ ಧೂಳೋ, ಹೊಸ ನೆರಳೋ, ಲೈನಿನ ವೋಲ್ಟೇಜೋ, ಏನೋ ಒಂದಿದೆ.

ಮೇಲೆ ಇನ್ನೊಂದು ಮಹಡಿ ಕಟ್ಟುವ ಯೋಚನೆ ಎರಡು ಮೂರು ವರ್ಷದೊಳಗೆ ಇದ್ದರೆ ಅದು ಮುಗಿಯುವ ತನಕ ಕಾಯಿರಿ. ಬಿಚ್ಚಿ, ಇಳಿಸಿ, ಮತ್ತೆ ಕೂರಿಸುವ ಕೂಲಿಯನ್ನು ಯಾವ ಸಬ್ಸಿಡಿಯೂ ಕೊಡುವುದಿಲ್ಲ.